ಗಿರಣಿ ಮನೆಯ ನರ್ಸ್

ಹುಮನಾಬಾದಿನಲ್ಲಿ ಹಿಟ್ಟಿನ ಗಿರಣಿಗಳಿಗೇನು ಬರವಿಲ್ಲ. ಆದರೆ ಜೋಳ ಬೀಸಿಸಿಕೊಂಡು, ಹಾಗೇ ತೋಳು ಮುಂದೆ ಮಾಡಿ ಸೂಜಿಯನ್ನೂ ಚುಚ್ಚಿಸಿಕೊಂಡು ಹೋಗಬಹುದಾದ ಗಿರಣಿ ಪಾಂಡುರಂಗನದು ಒಂದೇ. ಅಲ್ಲಿ ಸೂಜಿ ಪುಕ್ಕಟೆ, ಬಿ.ಪಿ. ನೋಡುವುದೂ ಪುಕ್ಕಟೆ. ಆಚೆ ಓಣಿಯ ಹೆಂಗಸರು ತಮ್ಮ ಮನೆಯ ಪಕ್ಕದ ಗಿರಣಿ ದಾಟಿಕೊಂಡು, ಡಬ್ಬಿ ಹೊತ್ತು ಇಲ್ಲಿಯವರೆಗೆ ಬರುತ್ತಿದ್ದುದು ಹಿಟ್ಟು ನುಣ್ಣಗಾಗುತ್ತದೆ ಎಂದಲ್ಲ. ಪಾಂಡುರಂಗನ ಸೊಸೆ ರೂಪಾಲಿ ನರ್ಸ್ ಎಂದು.

ಆಕೆ ನರ್ಸ್ ಆಗಿರಲಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಕೆಯ ಬಾಳಿನ ಗೋಳೆಲ್ಲ ಈ ಮಾತನ್ನು ಯಾರೂ ಮೊದಲೇ ಹೇಳದಿದ್ದುದರಿಂದ ಹುಟ್ಟಿದ್ದು.

ರೂಪಾಲಿ ರಾಜೇಶ್ವರದ ಭೀಮಶಾನ ಮಗಳು. ಭೀಮಶಾ ಮಂದಿಯ ಹೊಲದಲ್ಲಿ ತೊಗರಿ ಕೊಯ್ಯುವವನು. ಮಗಳು ಬಸವಕಲ್ಯಾಣದ ಕಾಲೇಜಿನಲ್ಲಿ ವಿಜ್ಞಾನ ತಗೊಂಡು ಪಿಯುಸಿ ಪಾಸಾದಾಗ ಅವನಿಗೆ ಹಿಗ್ಗು ಹಿಡಿಸಲಿಲ್ಲ. ಮುಂದೆ ಓದಿಸುವ ತಾಕತ್ತು ಮಾತ್ರ ಇರಲಿಲ್ಲ. ಹುಡುಗಿ ಬಸವಕಲ್ಯಾಣದ್ದೇ ಒಂದು ಖಾಸಗಿ ದವಾಖಾನೆಗೆ ಕೆಲಸಕ್ಕೆ ಸೇರಿದಳು. ಮೊದಲು ನೆಲ ಒರೆಸಿದಳು, ಆಮೇಲೆ ಹಾಸಿಗೆ ಬದಲಿಸಿದಳು. ಆಮೇಲೆ ಅಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬಾಕೆ ಕೈಹಿಡಿದು ಸೂಜಿ ಹಾಕುವುದು, ಸಲೈನ್ ಏರಿಸುವುದು ಕಲಿಸಿದಳು. ಒಂದು ದಿನ ಡಾಕ್ಟರು ಬಿಳಿ ಕೋಟು ಕೊಟ್ಟರು. ಕೋಟು ಹಾಕಿದ ಮೇಲೆ ಪೇಷಂಟುಗಳು ಸಿಸ್ಟರ್ ಎಂದು ಕರೆಯದೆ ಇನ್ನೇನು ಮಾಡುತ್ತಾರೆ? ಓಗೊಟ್ಟು ಓಗೊಟ್ಟು ಆಕೆಗೂ ಅದು ರೂಢಿಯಾಯಿತು.

ಮದುವೆ ಕುದುರಿಸಿದವನು ಬಸವಣಪ್ಪ. ಸಂಬಂಧ ಕೂಡಿಸುವುದೇ ಅವನ ಉದ್ಯೋಗ. ಹೆಣ್ಣು ನೋಡುವ ದಿನ ಪಾಂಡುರಂಗನ ಕುಟುಂಬ ಭೀಮಶಾನ ಮನೆಯ ಜಮಖಾನದ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಅವನು ಎದೆಯುಬ್ಬಿಸಿ ಹೇಳಿದ, "ಹುಡುಗಿ ನರ್ಸ್ ಅದಾಳ್ರಿ. ಇಂಥ ಸೊಸಿ ದೀಪಾ ಹಚ್ಚಿ ಹುಡುಕಿದ್ರೂ ಸಿಗಂಗಿಲ್ಲ."

ಭೀಮಶಾ ಬಾಯಿ ತೆರೆದ. ಬಸವಣಪ್ಪ ಅವನ ಮೊಣಕಾಲು ಅದುಮಿದ. ಭೀಮಶಾ ಬಾಯಿ ಮುಚ್ಚಿದ. ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತಿದ್ದ ರೂಪಾಲಿಯೂ ಎಲ್ಲ ಕೇಳಿಸಿಕೊಂಡಳು, ತಾನೂ ಬಾಯಿ ತೆರೆಯಲಿಲ್ಲ. ಇಪ್ಪತ್ತು ದಾಟಿದ ಬಡವರ ಹುಡುಗಿ, ಒಳ್ಳೆಯ ಮನೆತನ ಕಾಲ ಬಳಿ ಬಂದು ಕೂತಾಗ ಅದನ್ನು ಎಬ್ಬಿಸಿ ಕಳಿಸುವ ಧೈರ್ಯ ಮಾಡಲಿಲ್ಲ. ಆಕೆಯನ್ನು ಬೈಯುವವರು ಬೈಯಲಿ, ನನಗಂತೂ ಆಗದು.

ಮದುವೆಯಾಗಿ ಬಂದ ಮೇಲೂ ದವಾಖಾನೆಯ ಕೆಲಸ ನಿಲ್ಲಲಿಲ್ಲ. ಮುಂಜಾನೆ ಹುಮನಾಬಾದಿನಿಂದ ಬಸ್ಸು, ದಾರಿಯಲ್ಲಿ ರಾಜೇಶ್ವರ. ಅಲ್ಲಿ ಕೆಲವು ದಿನ ಭೀಮಶಾ ಸ್ಟ್ಯಾಂಡಿನಲ್ಲಿ ನಿಂತಿದ್ದು, ಕಿಟಕಿಯಿಂದ ಸೀತಾಫಲವೋ ಹಸಿ ಕಡಲೆಯೋ ಕೊಡುತ್ತಿದ್ದ. ಮುಂದೆ ಸಸ್ತಾಪುರ ಬಂಗ್ಲಾ, ಆಮೇಲೆ ಬಸವಕಲ್ಯಾಣ. ಸಂಜೆ ಮನೆಗೆ ಬಂದರೆ ಗಿರಣಿಯ ಕಟ್ಟೆಯ ಮೇಲೆ ಹೆಂಗಸರ ಸಾಲು. ಡಾಕ್ಟರು ಬರೆದುಕೊಟ್ಟ ಸೂಜಿಮದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿರುತ್ತಿದ್ದರು. ಪಾಂಡುರಂಗ ಗಲ್ಲಾಪೆಟ್ಟಿಗೆಯ ಮುಂದೆ ಕೂತು "ನಮ್ಮ ಸೊಸಿ ನರ್ಸ್" ಎನ್ನುವುದನ್ನು ಬೀಸಲು ಬಂದವರಿಗೂ ಹೇಳಿದ, ಸುಮ್ಮನೆ ಹಾದುಹೋಗುವವರಿಗೂ ಹೇಳಿದ. ಅತ್ತೆ ಯಶೋದಾಬಾಯಿಗೆ ಸಕ್ಕರೆ ಕಾಯಿಲೆ. ಅವಳ ಹೊಟ್ಟೆಗೆ ದಿನವೂ ಇನ್ಸುಲಿನ್ ಚುಚ್ಚುವುದು ರೂಪಾಲಿಯೇ. ಗಂಡ ಶ್ರೀಮಂತ ಮೈತುಂಬ ಹಿಟ್ಟು ಬಳಿದುಕೊಂಡು ಗಿರಣಿ ನಡೆಸುತ್ತಿದ್ದ, ಮಾತು ಕಡಿಮೆ. ಒಬ್ಬಳು ಮಗಳು ಹುಟ್ಟಿ ಶಾಲೆಗೂ ಹೋಗತೊಡಗಿದಳು. ಬಾಳು ಹೀಗೇ ಸಾಗಿದ್ದರೆ ಹೇಳುವುದಕ್ಕೇನೂ ಇರುತ್ತಿರಲಿಲ್ಲ.

ಆಗ ಕಾಯಿದೆ ಬಿಗಿಯಾಯಿತು. ದವಾಖಾನೆಗಳು ನೋಂದಣಿಯಾದ ನರ್ಸುಗಳನ್ನೇ ತೋರಿಸಬೇಕು, ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಹಬ್ಬಿತು. ಬಸವಕಲ್ಯಾಣದ ಡಾಕ್ಟರು ಈಗಷ್ಟೇ ಕಾಲೇಜು ಮುಗಿಸಿದ ಒಂದು ಹುಡುಗಿಯನ್ನು ತಂದು ಕೂರಿಸಿದರು. ಆಮೇಲೆ ರೂಪಾಲಿಯನ್ನು ಒಳಗೆ ಕರೆದರು.

"ರೂಪಾಲಿ, ನೀ ಕೆಲಸಾ ಛಂದ ಮಾಡ್ತಿ, ಇಲ್ಲ ಅನ್ನಂಗಿಲ್ಲ. ಖರೆ ಕಾಗದ ಬೇಕಲ್ಲ? ನಾಳಿಂದ ಬಿಳಿ ಕೋಟ್ ಬ್ಯಾಡ. ಆಯಾದ ಸೀರಿ ಉಟ್ಕೋ."

"ಹೌದ್ರಿ ಸಾಹೇಬ್ರ," ಎಂದಳು ರೂಪಾಲಿ.

ಆಯಾದ ಸೀರೆ ಕಂದು ಬಣ್ಣದ್ದು. ಅದನ್ನುಟ್ಟು ಆಕೆ ಮತ್ತೆ ನೆಲ ಒರೆಸಿದಳು. ನಿನ್ನೆಯವರೆಗೆ ಸಿಸ್ಟರ್ ಎಂದವರು ಇವತ್ತು "ಏ ಬಾಯಿ, ಇಲ್ಲಿ ನೀರ್ ಚೆಲ್ಯಾದ" ಎಂದರು. ಮನೆಗೆ ಹೋಗುವಾಗ ಮಾತ್ರ ಚೀಲದೊಳಗಿನ ಬಿಳಿ ಕೋಟು ಹೊರಗೆ ಬರುತ್ತಿತ್ತು. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ನಿಂತು ಅದನ್ನು ತೊಟ್ಟುಕೊಂಡು ಓಣಿಗೆ ಕಾಲಿಡುತ್ತಿದ್ದಳು. ಎಷ್ಟೋ ತಿಂಗಳು ಹೀಗೇ ನಡೆಯಿತು.

ದವಾಖಾನೆಯ ಔಷಧಿ ಅಂಗಡಿಯ ಖಮರುದ್ದೀನ್ ಎಲ್ಲವನ್ನೂ ನೋಡುತ್ತಿದ್ದ. ಒಂದು ಮಧ್ಯಾಹ್ನ ಅವನೇ ಕರೆದು ಹೇಳಿದ, "ರೂಪಾಲಿ ಬಹೆನ್, ಬಿ.ಎಸ್ಸಿ. ನರ್ಸಿಂಗ್ ಸೀಟು ಈಗ ಸಿಇಟಿ ಮ್ಯಾಲ ಕೊಡ್ತಾರ. ನೀ ಸೈನ್ಸ್ ಪಾಸಾಗಿದ್ದಿ. ಬರಿ. ಖರೆ ಈ ಸಲ ಬಿಟ್ರ ಮುಗೀತು, ಮುಂದಿನ ಸಲಕ್ಕ ನಿನ್ನ ವಯಸ್ಸು ದಾಟ್ತದ."

"ಈ ವಯಸ್ಸಿನ್ಯಾಗ ಪರೀಕ್ಷಾ ಬರೀಲೇನ್ರಿ ಅಣ್ಣಾ?"

"ಈ ವಯಸ್ಸಿನ್ಯಾಗ ನೆಲಾ ಒರಸಾಕತ್ತೀಯಲ್ಲ?"

ಅರ್ಜಿ ಅವನೇ ತುಂಬಿಕೊಟ್ಟ. ಈ ಭಾಗದವರಿಗೆ ಮೀಸಲಾತಿ ಕೊಡುವ ೩೭೧ಜೆ ಸರ್ಟಿಫಿಕೇಟು ತವರಿನ ಕಡೆಯಿಂದ ಆಗಬೇಕಿತ್ತು. ಅದಕ್ಕಾಗಿ ರೂಪಾಲಿ ತಂದೆಗೆ ವಿಷಯ ತಿಳಿಸಲೇಬೇಕಾಯಿತು. ಭೀಮಶಾ ಬಸವಕಲ್ಯಾಣದ ತಹಶೀಲ್ದಾರ ಕಚೇರಿಗೆ ಚಪ್ಪಲಿ ಸವೆಸಿ ಅದನ್ನು ಮಾಡಿಸಿ ತಂದ. ಯಾರಿಗೂ ಹೇಳುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ.

ಓದು ನಡೆದದ್ದು ಬಸ್ಸಿನಲ್ಲಿ. ಹಳೆಯ ಜೀವಶಾಸ್ತ್ರದ ಪುಸ್ತಕಕ್ಕೆ ಮಗಳ ಶಾಲೆಯ ಪುಸ್ತಕದ ರಟ್ಟು ಹಾಕಿಕೊಂಡಿದ್ದಳು. ಪರೀಕ್ಷೆಯ ದಿನ ಅಪ್ಪನಿಗೆ ಹುಷಾರಿಲ್ಲ ಎಂದು ಮನೆಯಲ್ಲಿ ಹೇಳಿ ಬೀದರಕ್ಕೆ ಹೋದಳು. ಗೇಟಿನಲ್ಲಿ ಹುಡುಗ ಹುಡುಗಿಯರ ನಡುವೆ ಸಾಲಿನಲ್ಲಿ ನಿಂತಿದ್ದವಳನ್ನು ಕಾವಲಿನವನು ತಡೆದು, "ಅಕ್ಕೋರೆ, ತಾಯಂದ್ರು ಆ ಕಡಿ ಗಿಡದ ಕೆಳಗ ಕುಂದ್ರಬೇಕ್ರಿ" ಎಂದ. ರೂಪಾಲಿ ಹಾಲ್ ಟಿಕೆಟ್ ತೋರಿಸಿದಳು. ಅವನು ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಹಿಂದಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ನಗಲಿ ಪಾಪ, ಅವರ ವಯಸ್ಸೇ ಅಂಥದ್ದು.

ರ‍್ಯಾಂಕು ದೊಡ್ಡದೇನೂ ಬರಲಿಲ್ಲ. ಆದರೆ ಮೀಸಲಾತಿಯ ಬಲದಿಂದ ಬೀದರದ ಒಂದು ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕಿತು. ಮೊಬೈಲಿನಲ್ಲಿ ತನ್ನ ಹೆಸರು ನೋಡಿದಾಗ ರೂಪಾಲಿ ದವಾಖಾನೆಯ ಮೆಟ್ಟಿಲ ಮೇಲೆ, ಕಂದು ಸೀರೆಯಲ್ಲಿ, ಬಕೆಟ್ಟಿನ ಪಕ್ಕದಲ್ಲೇ ಕೂತುಬಿಟ್ಟಳು. ಅಷ್ಟು ಸುಖವನ್ನು ಆಕೆ ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೆ ಕಾಣಲೂ ಇಲ್ಲ.

ಮನೆಯಲ್ಲಿ ಹೇಗೆ ಹೇಳಬೇಕೆಂಬುದನ್ನೂ ಲೆಕ್ಕ ಹಾಕಿಟ್ಟಿದ್ದಳು. ನರ್ಸ್ ಆದವರು ದೊಡ್ಡ ನರ್ಸ್ ಆಗಲು ಇನ್ನೂ ಓದುತ್ತಾರೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಅಷ್ಟೇ. ಇದೂ ಇನ್ನೊಂದು ಸುಳ್ಳೇ, ನಿಜ. ಆದರೆ ಮೊದಲಿನ ಸುಳ್ಳನ್ನು ನಿಜ ಮಾಡಿಬಿಡುವ ಸುಳ್ಳು. ಹೇಳಿದ್ದರೆ ಪಾಂಡುರಂಗ ಇದನ್ನು ನಂಬುತ್ತಿದ್ದ, ನಂಬಿ ನಾಲ್ಕು ಮಂದಿಗೆ ಹೇಳಿಯೂ ಬರುತ್ತಿದ್ದ. ಶುಕ್ರವಾರ ಪೂಜೆ ಮುಗಿದ ಮೇಲೆ, ಎಲ್ಲರೂ ಸಮಾಧಾನದಲ್ಲಿ ಇದ್ದಾಗ ಬಾಯಿಬಿಡುವುದೆಂದು ನಿಶ್ಚಯಿಸಿದಳು.

ಭೀಮಶಾನಿಗೆ ಶುಕ್ರವಾರದವರೆಗೆ ತಡೆಯಲಾಗಲಿಲ್ಲ.

ಈ ಕಡೆ ಒಂದು ಪದ್ಧತಿ ಇದೆ. ತವರಿನವರು ಮಗಳಿಗೆ ಏನು ಕೊಟ್ಟರೂ ಗಂಡನ ಓಣಿಯ ಎದುರೇ ಕೊಡಬೇಕು. ಬಸುರಿ ಮಗಳ ಕುಬಸದ ಬುಟ್ಟಿಗಳನ್ನು ಬಾಜಾ ಹಚ್ಚಿಸಿಕೊಂಡು ಬೀದಿಯುದ್ದ ಹೊತ್ತು ತಂದರೇ ಮಗಳಿಗೆ ಮರ್ಯಾದೆ. ಭೀಮಶಾ ತನ್ನ ಜನ್ಮದಲ್ಲಿ ಮಗಳಿಗೆ ಅಂಥದ್ದೇನೂ ಹೊತ್ತು ತಂದಿರಲಿಲ್ಲ. ಈಗ ಮಗಳೇ ತಾನಾಗಿ ಅಂಥದ್ದೊಂದು ಗಳಿಸಿಕೊಟ್ಟಿದ್ದಾಳೆ. ಹಿಗ್ಗಿನಲ್ಲಿ ಆಣೆಯನ್ನೂ ಹಳೆಯ ಸುಳ್ಳನ್ನೂ ಮರೆತು ಅವನು ಬಸವಕಲ್ಯಾಣದ ಫ್ಲೆಕ್ಸ್ ಅಂಗಡಿಗೆ ಹೋದ. ಬುಧವಾರ ಬೆಳಗಾಗುವಷ್ಟರಲ್ಲಿ ಪಾಂಡುರಂಗನ ಗಿರಣಿಯ ಎದುರಿನ ಎರಡು ಕಂಬಗಳ ನಡುವೆ, ಬಾಸಿಂಗ ಕಟ್ಟಿಕೊಂಡ ರೂಪಾಲಿಯ ಮದುವೆಯ ಮುಖ ಆಳೆತ್ತರಕ್ಕೆ ನಗುತ್ತಿತ್ತು. ಪಕ್ಕದಲ್ಲಿ ತಲೆಗೆ ಪಟಗಾ ಸುತ್ತಿ ಕೈ ಮುಗಿದ ಭೀಮಶಾ. ಕೆಳಗೆ ಕೆಂಪು ಅಕ್ಷರಗಳು. ನಮ್ಮ ಮಗಳು ರೂಪಾಲಿ ಬಿ.ಎಸ್ಸಿ. ನರ್ಸಿಂಗ್ ಮೊದಲನೇ ವರ್ಷಕ್ಕೆ ಆಯ್ಕೆಯಾಗಿದ್ದಕ್ಕೆ, ಕಷ್ಟಪಟ್ಟು ಓದಿ ನರ್ಸ್ ಆಗಿ ಬರಲೆಂದು ಹಾರೈಸುವವರು, ರಾಜೇಶ್ವರದ ಸಮಸ್ತ ಬಂಧುಗಳು.

ಫ್ಲೆಕ್ಸನ್ನು ಶ್ರೀಮಂತ ಗಟ್ಟಿಯಾಗಿ ಓದಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಓಣಿ ಮೊದಲ ಸಲ ಕೇಳಿತು.

"ಮೊದಲನೇ ವರ್ಷ ಅಂದ್ರ ಏನೋ?" ಎಂದ ಪಾಂಡುರಂಗ. "ನರ್ಸ್ ಆಗಿ ಬರ್ಲಿ ಅಂದ್ರ ಏನು? ಈಗ ಏನ್ ಆಗ್ಯಾಳ ಮತ್ತ?"

ಅಂಗಳದಲ್ಲಿ ಕಸಬರಿಗೆ ಹಿಡಿದಿದ್ದ ರೂಪಾಲಿ ತಲೆಯೆತ್ತಿ ತನ್ನದೇ ಮುಖ ನೋಡಿದಳು.

ಒಳಗೆ ಹೋದ ಮೇಲೆ ಎಲ್ಲವೂ ಹೊರಬಂತು. ಬಸವಣಪ್ಪನ ಮಾತು, ದವಾಖಾನೆ, ಕಂದು ಸೀರೆ, ಸಿಇಟಿ, ಒಂದನ್ನೂ ಮುಚ್ಚಿಡಲಿಲ್ಲ. ಹೇಳಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದಳೋ ಏನೋ. ಹೇಳಿ ಮುಗಿಯುವ ಹೊತ್ತಿಗೆ ಯಶೋದಾಬಾಯಿ ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಿದ್ದಳು.

"ಇಷ್ಟು ವರ್ಷ ದಿನಾ ನನ್ನ ಹೊಟ್ಟಿಗಿ ಚುಚ್ಚಿದಿ," ಎಂದಳು. "ಯಾರನ್ನ ಕೇಳಿ ಚುಚ್ಚಿದಿ? ನನ್ನ ಕಾಲು ಉರೀತಾವ, ಕಣ್ಣು ಮಂಜಾಗ್ಯಾವ. ಎಲ್ಲಾ ನಿನ್ನ ಕೈಗುಣ. ನೆಲಾ ಒರಸೋ ಕೈ!"

"ಅತ್ತಿ, ಡಾಕ್ಟರ್ ಹೇಳಿದಷ್ಟೇ ಕೊಟ್ಟೀನ್ರಿ. ಒಂದು ದಿನಾನೂ ಹೆಚ್ಚುಕಡಿಮಿ ಮಾಡಿಲ್ರಿ."

"ಮುಟ್ಟಬ್ಯಾಡ ನನ್ನ. ದೂರ ಸರಿ."

ಪಾಂಡುರಂಗ ಕೂಗಾಡಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸಾವಕಾಶವಾಗಿ ಹೇಳಿದ.

"ನೀ ಎಲ್ಲಿಗೂ ಹೋಗಂಗಿಲ್ಲ. ನೀ ನರ್ಸ್ ಅದಿ. ಇಡೀ ಊರಿಗಿ ನಾ ಹೇಳೀನಿ ನೀ ನರ್ಸ್ ಅಂತ. ನರ್ಸ್ ಆದಾಕಿ ನರ್ಸ್ ಕಲ್ಯಾಕ ಹ್ಯಾಂಗ ಹೋಗ್ತಾಳ? ನೀ ಬೀದರ ಬಸ್ ಹತ್ತಿದ್ರ ನನ್ನ ಇಜ್ಜತ್ ಅದೇ ಬಸ್ಸಿನ ಕೆಳಗ ಬಿದ್ದಂಗ."

"ಮಾವಾ, ಈ ಸಲ ಬಿಟ್ರ ಮತ್ತ ಸಿಗಂಗಿಲ್ರಿ. ವಯಸ್ಸು ದಾಟ್ತದ."

"ದಾಟಲಿ."

ರೂಪಾಲಿ ಗಂಡನ ಕಡೆ ನೋಡಿದಳು. ಶ್ರೀಮಂತ ಎದ್ದು ಹೋಗಿ ಗಿರಣಿಯ ಸ್ವಿಚ್ಚು ಒತ್ತಿದ. ಹೊಟ್ಟು ಹಾರಿತು, ಪಟ್ಟಾ ತಿರುಗಿತು, ಮನೆಯೆಲ್ಲ ಗಡಗಡ ಸದ್ದು ತುಂಬಿತು. ಹೆಂಡತಿಯ ಪರವಾಗಿ ಅವನು ಮಾಡಿದ್ದು ಅಷ್ಟೇ, ವಿರುದ್ಧ ಮಾಡಿದ್ದೂ ಅಷ್ಟೇ.

ಫ್ಲೆಕ್ಸ್ ಆ ಮಧ್ಯಾಹ್ನವೇ ಇಳಿಯಿತು. ಒಳ್ಳೆಯ ಗಟ್ಟಿ ಹಾಳೆ, ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಗಿರಣಿಯ ನೆಲಕ್ಕೆ ಹಾಸಿ ಅದರ ಮೇಲೆ ಜೋಳದ ಚೀಲ ಒಟ್ಟಿದರು. ಬೀಸಿಸಲು ಬಂದವರು ಬಾಸಿಂಗದ ಮೇಲೆ ಕಾಲಿಟ್ಟು ಡಬ್ಬಿ ಇಳಿಸತೊಡಗಿದರು.

ಸಂಜೆ ಭೀಮಶಾನನ್ನು ಕರೆಸಿದರು. ಅವನು ಸತ್ಕಾರವಿದೆ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು ಬಂದ. ಪಾಂಡುರಂಗ ಪೇಢೆಯ ಡಬ್ಬಿಯನ್ನು ಮುಟ್ಟದೆ, ಏನು ಹೇಳಬೇಕೆಂದು ಅವನಿಗೆ ಹೇಳಿಕೊಟ್ಟ. ಆಮೇಲೆ ಕಟ್ಟೆಯ ಮೇಲೆ ಹೆಂಗಸರು ನೆರೆದಿದ್ದಾಗ ಹೊರಗೆ ನಿಲ್ಲಿಸಿದ. ಭೀಮಶಾ ಕೈ ಮುಗಿದು ಒಪ್ಪಿಸಿದ, "ಅದು ನಮ್ಮ ಅಣ್ಣನ ಮಗಳದ್ರೆವ್ವ. ಆಕಿ ಹೆಸರೂ ರೂಪಾಲಿನೇ. ಅಂಗಡ್ಯಾಂವ ತಪ್ಪಿ ಈಕಿ ಫೋಟೋ ಹಚ್ಯಾನ. ನಮ್ಮ ಮಗಳು ನರ್ಸ್ ಆಗಿ ಎಷ್ಟೋ ವರ್ಷ ಆತು. ನಿಮಗೇ ಗೊತ್ತದಲ್ರಿ."

ಹೆಂಗಸರು ಹೌದು ಹೌದು ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ, ಎರಡು ಮನೆ ಆಚೆಯ ಮುದುಕಿ ಮುನ್ನಿ ಬೀ ಮಾತ್ರ ಬಾಯಲ್ಲಿ ಎಲೆಯಡಿಕೆ ಹಿಡಿದು ಸುಮ್ಮನೆ ಅವನ ಮುಖ ನೋಡಿದಳು.

ಹೊರಡುವ ಮುಂಚೆ ಭೀಮಶಾ ಹಿತ್ತಲಿಗೆ ಬಂದ. ರೂಪಾಲಿ ಅವನ ಅಂಗಿಯ ತೋಳು ಹಿಡಿದಳು.

"ಅಪ್ಪಾ, ನನ್ನ ಕರ್ಕೊಂಡು ಹೋಗು. ರಾಜೇಶ್ವರದಿಂದ ಹೋಗಿ ಬರ್ತೀನಿ. ಓದು ಮುಗಿದ್ರ ನೌಕರಿ ಸಿಗ್ತದ, ನಿನಗ ಭಾರ ಆಗಂಗಿಲ್ಲ. ಮಗಳನ್ನೂ ನಾನೇ ನೋಡ್ಕೋತೀನಿ."

ಭೀಮಶಾ ಅತ್ತುಬಿಟ್ಟ. ಅಳುತ್ತಲೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಗಂಡನ ಮನಿ ಬಿಟ್ಟು ಬಂದ ಮಗಳಿಗಿ ಯಾರೂ ಫ್ಲೆಕ್ಸ್ ಹಾಕಂಗಿಲ್ಲ, ಯವ್ವಾ. ನನ್ನ ತಪ್ಪಿಗಿ ನಾ ಈಗಷ್ಟೇ ಕೈ ಮುಗದು ಬಂದೀನಿ. ಹೊಂದ್ಕೊಂಡು ಹೋಗು."

ಮಗಳಿಗೆ ಒಳ್ಳೆಯದಾಗಲೆಂದು ಹಾರೈಸುವವನೇ ಅವಳ ಕತ್ತು ಹಿಸುಕಿದರೆ ಯಾರ ಹತ್ತಿರ ದೂರು ಹೇಳುವುದು? ಭೀಮಶಾ ಕೆಟ್ಟವನಾಗಿದ್ದರೆ ರೂಪಾಲಿ ಅವನನ್ನು ಶಪಿಸಿ ಹಗುರಾಗುತ್ತಿದ್ದಳು. ಆ ದಾರಿಯೂ ಆಕೆಗಿರಲಿಲ್ಲ.

ಕಾಲೇಜಿಗೆ ಹಾಜರಾಗಲು ಕೊನೆಯ ದಿನ ಬಂತು. ಪಾಂಡುರಂಗ ಅಂದೇ ಗಿರಣಿಯ ಮುಂದೆ ಉಚಿತ ಬಿ.ಪಿ. ತಪಾಸಣೆ ಇಟ್ಟ. ಓಣಿಯ ಮಂದಿಯ ತಲೆಯಲ್ಲಿ ಏನಾದರೂ ಅನುಮಾನ ಉಳಿದಿದ್ದರೆ ತೊಳೆದುಹೋಗಲಿ ಎಂದು. ಕುರ್ಚಿ ಹಾಕಿ, ಬಿಳಿ ಕೋಟು ತೊಡಿಸಿ, ಸೊಸೆಯನ್ನು ಕೂರಿಸಿದ. ಮುಂಜಾನೆಯಿಂದ ಹೆಂಗಸರು ಬಂದರು, ತೋಳಿಗೆ ಪಟ್ಟಿ ಸುತ್ತಿಸಿಕೊಂಡರು, ಹೋದರು. ರೂಪಾಲಿ ಗಾಳಿ ಒತ್ತಿದಳು, ಬಿಟ್ಟಳು, ಕಡಿಮೆ ಉಪ್ಪು ತಿನ್ನಿರಿ ಎಂದಳು. ನಡುವೆ ಖಮರುದ್ದೀನನ ಫೋನು ಮತ್ತೆ ಮತ್ತೆ ಬಂತು. ಪಾಂಡುರಂಗ ಆಕೆಯ ಮೊಬೈಲನ್ನೇ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಸಂಜೆ ಮಂದಿ ಕರಗಿದ ಮೇಲೆ ಸೊಸೆಗೆ ತಾನೇ ಚಹಾ ತಂದುಕೊಟ್ಟ. "ಛಂದ ಆತು," ಎಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಅಲ್ಲಿಂದಾಚೆ ದವಾಖಾನೆಯ ಕೆಲಸವನ್ನೂ ಬಿಡಿಸಿದರು. ಅಲ್ಲಿ ಕಂದು ಸೀರೆಯಲ್ಲಿ ಗುರುತಿನವರ ಕಣ್ಣಿಗೆ ಬಿದ್ದರೆ? ಈಗ ರೂಪಾಲಿ ಹಗಲೆಲ್ಲ ಮನೆಯಲ್ಲೇ, ಬಿಳಿ ಕೋಟಿನಲ್ಲೇ. ಕಟ್ಟೆಗೆ ಬಂದವರಿಗೆ ಸೂಜಿ ಹಾಕದೆ ಕಳಿಸುವಂತಿಲ್ಲ, ಅದು ಮಾವನ ಕಟ್ಟಪ್ಪಣೆ. ಮನೆಯೊಳಗೆ ಮಾತ್ರ ಯಾರಿಗೂ ಆಕೆಯ ಕೈ ಬೇಡ. ಯಶೋದಾಬಾಯಿ ದಿನಾ ಹಿತ್ತಲ ಬಾಗಿಲಿನಿಂದ ಹೊರಟು, ಹಿಂದಿನ ಗಲ್ಲಿಯಲ್ಲಿ ಆಟೋ ಹತ್ತಿ, ಖರೇ ನರ್ಸ್ ಇರುವಲ್ಲಿ ಇನ್ಸುಲಿನ್ ಹಾಕಿಸಿಕೊಂಡು ಬರುತ್ತಿದ್ದಳು. ಮೊಮ್ಮಗಳಿಗೆ ಜ್ವರ ಬಂದಾಗ ಪಾಂಡುರಂಗನೇ ಮಗುವನ್ನು ರೂಪಾಲಿಯ ತೊಡೆಯಿಂದ ಎತ್ತಿಕೊಂಡು ಹೋದ. ತಮ್ಮ ಮೈಗೆ ಬೇಡವಾದ ಕೈಯನ್ನು ಮಂದಿಯ ಮೈಗೆ ಧಾರಾಳವಾಗಿ ಬಿಟ್ಟುಕೊಟ್ಟಿದ್ದರು. ಇಜ್ಜತ್ ಉಳಿಯಬೇಕಲ್ಲ!

ಮಗುವನ್ನು ಹಾಗೆ ಎತ್ತಿಕೊಂಡು ಹೋದದ್ದು ರೂಪಾಲಿಗೆ ನುಂಗಲಾಗಲಿಲ್ಲ. ಮರುದಿನ ಮಧ್ಯಾಹ್ನ ಮುನ್ನಿ ಬೀ ಜೋಳದ ಡಬ್ಬಿಯೊಂದಿಗೆ ಮಂಡಿನೋವಿನ ಸೂಜಿಮದ್ದನ್ನೂ ತಂದು ಮುಂದಿಟ್ಟಳು. ಕರೆಂಟು ಹೋಗಿತ್ತು. ಗಿರಣಿ ನಿಂತು, ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಕಾಯುತ್ತಿದ್ದರು. ಪಾಂಡುರಂಗ ಗಲ್ಲಾಪೆಟ್ಟಿಗೆಯ ಮುಂದೆ, ಶ್ರೀಮಂತ ಹೊಸ್ತಿಲಲ್ಲಿ.

ರೂಪಾಲಿ ಎದ್ದು ನಿಂತು ಕೋಟು ಬಿಚ್ಚಿ ನೆಲಕ್ಕೆ ಹಾಕಿದಳು.

"ಮುನ್ನಿ ಬೀ, ನಾ ಚುಚ್ಚಂಗಿಲ್ಲ. ನಾ ನರ್ಸ್ ಅಲ್ಲ. ನಾ ಕಾಲೇಜಿಗೇ ಹೋಗಿಲ್ಲ. ಆ ಫ್ಲೆಕ್ಸ್ ನಂದೇ. ಇವ್ರು ಎಲ್ಲಾರೂ ನಿಮಗ ಸುಳ್ಳು ಹೇಳ್ಯಾರ, ನಾನೂ ಹೇಳೀನಿ."

ದನಿ ಓಣಿಯ ತುದಿಗೂ ಕೇಳಿಸುವಂತಿತ್ತು. ಪಾಂಡುರಂಗ ಅರ್ಧ ಎದ್ದವನು ಹಾಗೇ ನಿಂತ. ರೂಪಾಲಿ ಕಾದಳು. ಬೈಗುಳ ಬರುತ್ತದೆ, ಕಲ್ಲೇ ಬರುತ್ತದೆ, ಬರಲಿ ಎಂದುಕೊಂಡಳು.

ಮುನ್ನಿ ಬೀ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ಗೊತ್ತದ ಬೇಟಿ," ಎಂದಳು. "ನನ್ನ ತಂಗಿ ಮಗಳು ನಿನ್ನ ದವಾಖಾನಿಯಾಗೇ ಹಡದಾಳ. ನೀ ಕಂದು ಸೀರಿ ಉಟ್ಟು ನೆಲಾ ಒರಸೋದು ನೋಡಿ ಬಂದಾಳ. ಅದಕ್ಕಿಂತ ಮೊದಲೂ ಗೊತ್ತಿತ್ತು. ಸರ್ಟಿಫಿಕೇಟ್ ಇದ್ದ ನರ್ಸ್ ಗಿರಣಿ ಕಟ್ಟಿ ಮ್ಯಾಲ ಕುಂತು ಪುಕ್ಕಟ ಸೂಜಿ ಯಾಕ ಹಾಕ್ತಾಳ? ಕೇಳು ಇವ್ರಿಗಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ನಕ್ಕಳು, ಕೆಟ್ಟ ನಗುವೇನಲ್ಲ. "ಎಲ್ಲಾರಿಗೂ ಗೊತ್ತದ್ರೆವ್ವ. ನಿಮ್ಮ ಮಾವ ಹೇಳ್ತಿದ್ದ, ನಾವು ಹ್ಞೂಂ ಅಂತಿದ್ವಿ."

"ಫ್ಲೆಕ್ಸ್ ನೋಡಿ ಖುಷಿ ಆಗಿತ್ತು ನಮಗ," ಎಂದಳು ಮುನ್ನಿ ಬೀ. "ಬಿಡು, ಈಗರೆ ಹುಡುಗಿ ಖರೇ ನರ್ಸ್ ಆಗ್ತಾಳ, ನಮ್ಮ ಓಣ್ಯಾಗ ಒಬ್ಬಾಕಿ ಇದ್ದಂಗ ಆಗ್ತದ ಅಂತ ಮಾತಾಡಿದ್ವಿ. ಆಮ್ಯಾಲ ನಿಮ್ಮಪ್ಪ ಬಂದು ಅಣ್ಣನ ಮಗಳು ಅಂದ. ನಾವು ಹಾದ್ಯಾಗ ಅಡ್ಡ ಬರೋರು ಯಾರು? ಖರೆ ನೀ ಯಾಕ ಹೋಗಲಿಲ್ಲ? ಯಾರು ಬ್ಯಾಡ ಅಂದಿದ್ರು ನಿನಗ?"

ರೂಪಾಲಿ ಮಾವನ ಕಡೆ ತಿರುಗಿದಳು. ಪಾಂಡುರಂಗ ಗಲ್ಲಾಪೆಟ್ಟಿಗೆಯ ಮೇಲಿನ ಹಿಟ್ಟನ್ನು ಅಂಗೈಯಿಂದ ಸವರುತ್ತಿದ್ದ. ಶ್ರೀಮಂತ ಸ್ವಿಚ್ಚು ಒತ್ತಿ ನೋಡಿದ. ಕರೆಂಟು ಬಂದಿರಲಿಲ್ಲ.

ಬೀದರದಲ್ಲಿ ಆಗಲೇ ತರಗತಿಗಳು ಶುರುವಾಗಿದ್ದವು. ಆಕೆಯ ಸೀಟು ಮುಂದಿನ ಸುತ್ತಿನಲ್ಲಿ ಇನ್ಯಾರಿಗೋ ಹೋಗಿತ್ತು.

"ಹಾಕು ಬೇಟಿ," ಎಂದು ಮುನ್ನಿ ಬೀ ಸೆರಗು ಸರಿಸಿ ತೋಳು ಮುಂದೆ ಮಾಡಿದಳು. "ಲಗೂ ಹಾಕು, ಮನಿಯಾಗ ರೊಟ್ಟಿ ಬಡಿಯೋದು ಅದ."

ಅವಳ ಹಿಂದೆ ಇನ್ನೊಬ್ಬಳು ಸರಿದು ಬಂದು ಸಾಲಿನಲ್ಲಿ ಕೂತಳು. ರೂಪಾಲಿ ನೆಲದ ಮೇಲಿನ ಕೋಟನ್ನು ಎತ್ತಿಕೊಂಡಳು, ಹಿಟ್ಟು ಕೊಡವಿದಳು, ಸಿರಿಂಜಿನ ಕವರು ಹರಿದಳು.